ಮೊಣಕಾಲೂರಿದರೆ ಮಾತೇ ಬರುತ್ತಿಲ್ಲ

ಓದುಗರ ಪತ್ರ: ಅಮ್ಮನ ಕಾಯಿಲೆ ವಾಸಿಯಾಗಲೆಂದು ಒಂದೂವರೆ ವರ್ಷ ಪ್ರಾರ್ಥಿಸಿದೆ. ವಾರಕ್ಕೊಂದು ದಿನ ಉಪವಾಸವಿದ್ದೆ. ಅಮ್ಮ ತೀರಿಕೊಂಡರು. ‘ನಿನ್ನ ವಿಶ್ವಾಸ ಸಾಲದೆ ಹೋಯಿತು’ ಎಂದು ಪ್ರಾರ್ಥನಾ ಕೂಟದವರೊಬ್ಬರು ಅಂದರು. ‘ಕೇಳಿರಿ, ನಿಮಗೆ ದೊರೆಯುವುದು’ ಎಂದು ಬರೆದಿದೆಯಲ್ಲ, ಹಾಗಾದರೆ ನಾನು ಕೇಳಿದ ರೀತಿಯೇ ತಪ್ಪೇ? ಪ್ರಾರ್ಥನೆಗೆ ಸರಿಯಾದ ಕ್ರಮ ಅಂತ ಒಂದಿದೆಯೇ? ದೇವರು ನಿಜವಾಗಿ ಉತ್ತರ ಕೊಡುತ್ತಾನೆಯೇ? ಈಗಂತೂ ಮೊಣಕಾಲೂರಿದರೆ ಮಾತೇ ಬರುತ್ತಿಲ್ಲ.

ಸಂಪಾದಕರ ಉತ್ತರ:

ಸಹೋದರಿ, ನಿಮ್ಮ ಪ್ರಶ್ನೆಗಳಿಗೆ ಬರುವ ಮೊದಲು ಆ ‘ವಿಶ್ವಾಸ ಸಾಲದು’ ಎಂಬ ಮಾತನ್ನು ಇತ್ಯರ್ಥ ಮಾಡಿಬಿಡೋಣ. ಅದು ನಿಮ್ಮ ಎದೆಯ ಮೇಲೆ ಕೂತಿರುವವರೆಗೆ ಉಳಿದ ಯಾವ ಮಾತೂ ಒಳಗೆ ಇಳಿಯುವುದಿಲ್ಲ.

ಅಪೊಸ್ತಲರ ಕೃತ್ಯಗಳ 12ನೇ ಅಧ್ಯಾಯವನ್ನು ತೆರೆಯಿರಿ. ಎರಡನೇ ವಚನದಲ್ಲಿ ಅರಸ ಹೆರೋದನು ಯೋಹಾನನ ಅಣ್ಣನಾದ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ. ಆಮೇಲೆ ಪೇತ್ರನನ್ನು ಸೆರೆಗೆ ಹಾಕಿಸುತ್ತಾನೆ. ಸಭೆ ಪೇತ್ರನಿಗಾಗಿ ಆಸಕ್ತಿಯಿಂದ ಪ್ರಾರ್ಥಿಸುತ್ತದೆ, ದೇವದೂತನು ಅವನನ್ನು ಬಿಡಿಸುತ್ತಾನೆ. ಪೇತ್ರ ಬಂದು ಬಾಗಿಲು ತಟ್ಟಿದಾಗ ಒಳಗಿದ್ದವರು ಏನಂದರು? ‘ಪೇತ್ರ ಬಂದಿದ್ದಾನೆ’ ಎಂದು ಹೇಳಿದ ರೋದೆ ಎಂಬ ಹುಡುಗಿಗೆ ‘ನಿನಗೆ ಹುಚ್ಚು’ ಅಂದರು. ಅವನಿಗಾಗಿ ಪ್ರಾರ್ಥಿಸುತ್ತಿದ್ದವರೇ ಅವರು. ಉತ್ತರ ಹೊಸ್ತಿಲಿಗೆ ಬಂದು ನಿಂತರೂ ನಂಬಲಿಲ್ಲ. ಆದರೂ ಪೇತ್ರ ಉಳಿದ. ಅದೇ ಸಭೆಯ ಯಾಕೋಬ ಉಳಿಯಲಿಲ್ಲ. ಒಬ್ಬನ ಪಾಲಿಗೆ ವಿಶ್ವಾಸ ಹೆಚ್ಚಿತ್ತು, ಇನ್ನೊಬ್ಬನ ಪಾಲಿಗೆ ಕಡಿಮೆಯಿತ್ತು ಎಂದು ಈ ಪುಸ್ತಕ ಬರೆದ ಲೂಕನು ಒಂದಕ್ಷರ ಬರೆದಿಲ್ಲ. ಮಾರ್ಕ 9ರಲ್ಲಿ ತನ್ನ ಮಗನನ್ನು ಯೇಸುವಿನ ಬಳಿ ಕರೆತಂದ ತಂದೆಯೂ ಅರೆನಂಬಿಕೆಯವನೇ: ನಂಬುತ್ತೇನೆ, ನನ್ನ ಅಪನಂಬಿಕೆಗೆ ನೆರವಾಗು ಎಂದ. ಹುಡುಗ ಗುಣವಾದ. ಇತ್ತ ಪೌಲನು ತನ್ನ ಶರೀರದಲ್ಲಿ ನಾಟಿದ ಶೂಲವನ್ನು ತೆಗೆದುಹಾಕೆಂದು ಮೂರು ಸಾರಿ ಬೇಡಿಕೊಂಡ. ಶೂಲ ಹೋಗಲಿಲ್ಲ, ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಮಾತು ಬಂತು. ತನ್ನ ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಹೋಗಬೇಕಾಯಿತು ಎಂದೂ ಅವನೇ ಬರೆಯುತ್ತಾನೆ. ಗೆತ್ಸೇಮನೆ ತೋಟದಲ್ಲಿ ಮೂರು ಸಾರಿ ‘ಈ ಪಾತ್ರೆ ನನ್ನಿಂದ ತೊಲಗಲಿ’ ಎಂದು, ಅಂದರೆ ಈ ಸಂಕಟ ಬೇಡವೆಂದು, ಕೇಳಿದ ಯೇಸುವಿಗೂ ಪಾತ್ರೆ ತೊಲಗಲಿಲ್ಲ. ಆತನ ವಿಶ್ವಾಸ ಸಾಲಲಿಲ್ಲ ಎಂದು ನಿಮ್ಮ ಕೂಟದವರು ಹೇಳಲಾರರು. ನಿಮಗೂ ಹೇಳಬಾರದಿತ್ತು.

ಕಾಯಿಲೆಯ ವಿಷಯದಲ್ಲಿ ಯಾಕೋಬನ ಪತ್ರಿಕೆಯ 5ನೇ ಅಧ್ಯಾಯವನ್ನೇ ಎಲ್ಲರೂ ಎತ್ತಿ ಹೇಳುತ್ತಾರೆ. ಅದನ್ನೂ ಸರಿಯಾಗಿ ಓದುವವರು ಕಡಿಮೆ. ರೋಗಿ ಸಭೆಯ ಹಿರಿಯರನ್ನು ಕರೆಸಬೇಕು, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಬೇಕು ಎಂದಲ್ಲಿದೆ. ಅಲ್ಲಿ ‘ವಿಶ್ವಾಸದ ಪ್ರಾರ್ಥನೆ’ ಮಾಡುವವರು ಬಂದ ಹಿರಿಯರು. ಹಾಸಿಗೆ ಹಿಡಿದವರ ಅಥವಾ ಅವರ ಮಗಳ ವಿಶ್ವಾಸವನ್ನು ತೂಕಕ್ಕೆ ಹಾಕುವ ಮಾತು ಅಲ್ಲೆಲ್ಲೂ ಇಲ್ಲ. ಹೊರೆ ಹೊರಬೇಕಾದವರು ಹತ್ತು ಜನ. ಅದನ್ನು ಒಬ್ಬರ ತಲೆಗೆ ಕಟ್ಟಿದರು. ಎಣ್ಣೆ ಆ ಕಾಲದಲ್ಲಿ ಔಷಧಿಯೂ ಆಗಿತ್ತು, ಯೇಸು ಹೇಳಿದ ಕಥೆಯ ಒಳ್ಳೆಯ ಸಮಾರ್ಯದವನು ಗಾಯಕ್ಕೆ ಹೊಯ್ದದ್ದು ಎಣ್ಣೆ ಮತ್ತು ದ್ರಾಕ್ಷಾರಸವನ್ನೇ. ಪ್ರಾರ್ಥಿಸುವವರು ಮಾತ್ರೆ ನಿಲ್ಲಿಸಬೇಕು ಎನ್ನುವವರ ಮಾತನ್ನು ಯಾರೂ ಕೇಳಬೇಡಿ.

ಇನ್ನು ‘ಕೇಳಿರಿ, ನಿಮಗೆ ದೊರೆಯುವುದು’. ಮತ್ತಾಯ 7:7ನ್ನು ಅಲ್ಲಿಗೇ ಕತ್ತರಿಸಿ ಗೋಡೆಗೆ ತೂಗುಹಾಕುವುದೇ ತೊಂದರೆಯ ಮೂಲ. 11ನೇ ವಚನದವರೆಗೆ ಓದಿ. ಮಗ ರೊಟ್ಟಿ ಕೇಳಿದರೆ ಕಲ್ಲು ಕೊಡುವ ತಂದೆ ಇದ್ದಾನೆಯೇ, ಮೀನು ಕೇಳಿದರೆ ಹಾವು ಕೊಡುತ್ತಾನೆಯೇ ಎಂದು ಕೇಳಿ, ತಂದೆ ‘ಒಳ್ಳೆಯವುಗಳನ್ನು’ ಕೊಡುತ್ತಾನೆ ಎಂದು ಮುಗಿಯುತ್ತದೆ. ಅದೇ ಮಾತು ಲೂಕ 11:13ರಲ್ಲಿ ಬರುವಾಗ ‘ಒಳ್ಳೆಯವು’ ಇದ್ದ ಜಾಗದಲ್ಲಿ ‘ಪವಿತ್ರಾತ್ಮ’ ಎಂದಿದೆ. ವಾಗ್ದಾನ ಇರುವುದು ಕೊಡುವವನ ಗುಣದ ಬಗ್ಗೆ. ಕೇಳಿದ ವಸ್ತುವೇ ಕೈಗೆ ಬರುತ್ತದೆ ಎಂಬ ಕರಾರು ಅದರಲ್ಲಿಲ್ಲ. ‘ಯೇಸುವಿನ ಹೆಸರಿನಲ್ಲಿ’ ಎನ್ನುವುದೂ ಹಾಗೆಯೇ, ಕೊನೆಯಲ್ಲಿ ಹೇಳಿದರೆ ಬೀಗ ತೆರೆಯುವ ಗುಟ್ಟಿನ ಪದ ಅದಲ್ಲ. ಒಬ್ಬರ ಪರವಾಗಿ ಸಹಿ ಹಾಕುವವನು ಅವರು ಒಪ್ಪುವಂಥದ್ದಕ್ಕೆ ಮಾತ್ರ ಸಹಿ ಹಾಕಬಲ್ಲ. 1 ಯೋಹಾನ 5:14 ಅದನ್ನೇ ‘ಆತನ ಚಿತ್ತಾನುಸಾರವಾಗಿ’ ಎಂದು ಬಿಡಿಸಿ ಹೇಳುತ್ತದೆ.

ಹಾಗಾದರೆ ಉತ್ತರ ಕೊಡುತ್ತಾನೋ ಇಲ್ಲವೋ? ‘ಹೌದು, ಇಲ್ಲ, ಕಾದಿರು, ಈ ಮೂರೂ ಉತ್ತರಗಳೇ’ ಎಂಬ ಮಾತನ್ನು ನೀವು ಕೇಳಿಯೇ ಇರುತ್ತೀರಿ. ನಮಗೆ ಆ ಸೂತ್ರ ಅಷ್ಟಾಗಿ ಹಿಡಿಸುವುದಿಲ್ಲ. ಏನೇ ಆದರೂ ಅದಕ್ಕೆ ಹೊಂದಿಕೊಳ್ಳುತ್ತದೆ, ಆದ್ದರಿಂದ ಅದು ಏನನ್ನೂ ಹೇಳುವುದಿಲ್ಲ. ಕ್ರೈಸ್ತ ಬೋಧನೆ ಹೇಳುವುದು ಇಷ್ಟು: ಪ್ರತಿಯೊಂದು ಪ್ರಾರ್ಥನೆಯನ್ನೂ ದೇವರು ಕೇಳಿಸಿಕೊಳ್ಳುತ್ತಾನೆ, ಕೆಲವಕ್ಕೆ ಕೇಳಿದ್ದನ್ನೇ ಕೊಡುತ್ತಾನೆ, ಕೆಲವಕ್ಕೆ ಪೌಲನಿಗೆ ಕೊಟ್ಟಂತೆ ಬೇರೆಯದನ್ನು ಕೊಡುತ್ತಾನೆ, ಇನ್ನು ಕೆಲವಕ್ಕೆ ಯಾಕೆ ಮೌನ ಎಂಬುದು ಈ ಬದುಕಿನಲ್ಲಿ ತಿಳಿಯುವುದಿಲ್ಲ. ಹೆರೋದನು ಕೊಲ್ಲಿಸಿದ ಯಾಕೋಬ ಯಾಕೆ ಉಳಿಯಲಿಲ್ಲ ಎಂಬುದಕ್ಕೆ ಬೈಬಲ್ಲಿನಲ್ಲಿ ಕಾರಣ ಇಲ್ಲ. ಅಲ್ಲಿ ಇಲ್ಲದ ಕಾರಣವನ್ನು ನಿಮ್ಮ ಅಮ್ಮನ ವಿಷಯದಲ್ಲಿ ನಾವು ಹುಟ್ಟಿಸಿ ಹೇಳಲಾರೆವು. ಹೇಗೂ ಆಗುವುದು ದೇವರ ಚಿತ್ತ, ಮತ್ತೆ ಕೇಳುವುದೇಕೆ ಎಂಬ ಹಳೆಯ ಪ್ರಶ್ನೆಗೆ 13ನೇ ಶತಮಾನದ ದೇವತಾಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಕೊಟ್ಟ ಉತ್ತರದ ಸಾರ: ಪ್ರಾರ್ಥನೆಯಿಂದ ದೇವರ ಮನಸ್ಸು ಬದಲಾಗುವುದಿಲ್ಲ, ಕೆಲವು ಸಂಗತಿಗಳು ಪ್ರಾರ್ಥನೆಯ ಮೂಲಕವೇ ಆಗಲಿ ಎಂದು ದೇವರು ಮೊದಲೇ ಇಟ್ಟಿದ್ದಾನೆ, ಬೀಜ ಬಿತ್ತಿದರೇ ಬೆಳೆ ಎನ್ನುವ ಹಾಗೆ.

ಪ್ರಾರ್ಥನೆಗೆ ಫಲ ಸಿಗುತ್ತದೆಯೇ ಎಂದು ಲೆಕ್ಕ ಹಾಕಿ ನೋಡುವ ಪ್ರಯತ್ನವೂ ನಡೆದಿದೆ. ಅಮೆರಿಕದ 6 ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯಾದ 1,802 ರೋಗಿಗಳ ಮೇಲೆ ನಡೆದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೋ ಇಲ್ಲವೋ ತಿಳಿಯದಿದ್ದ ಎರಡು ಗುಂಪುಗಳಲ್ಲಿ, ಪ್ರಾರ್ಥನೆ ಪಡೆದವರಲ್ಲಿ ಶೇ. 52, ಪಡೆಯದವರಲ್ಲಿ ಶೇ. 51 ಮಂದಿಗೆ ತೊಡಕುಗಳಾದವು. ‘ನಿಮಗಾಗಿ ಖಂಡಿತ ಪ್ರಾರ್ಥಿಸುತ್ತಾರೆ’ ಎಂದು ತಿಳಿಸಿದ್ದ ಗುಂಪಿನಲ್ಲಿ ಅದು ಶೇ. 59. ಇದನ್ನು ಮುಚ್ಚಿಡುವ ಅಗತ್ಯ ಕ್ರೈಸ್ತರಿಗಿಲ್ಲ. ಗುಂಡಿ ಒತ್ತಿದರೆ ಫಲ ಬೀಳುವ ಯಂತ್ರ ಪ್ರಾರ್ಥನೆಯಲ್ಲ ಎಂದು ಮೊದಲಿಂದ ಹೇಳುತ್ತಿದ್ದವರಿಗೆ ಈ ಅಂಕಿ ಆಘಾತವೇನಲ್ಲ. ಯಂತ್ರವೆಂದು ಬೋಧಿಸುವವರು ಬೇಕಾದರೆ ಉತ್ತರ ಹೇಳಲಿ.

ಈಗ ಕ್ರಮದ ಪ್ರಶ್ನೆ. ‘ನಮಗೆ ಪ್ರಾರ್ಥನೆ ಮಾಡುವುದನ್ನು ಕಲಿಸು’ ಎಂದು ಶಿಷ್ಯನೊಬ್ಬ ಕೇಳಿದಾಗ ಯೇಸು ಕೊಟ್ಟ ಕರ್ತನ ಪ್ರಾರ್ಥನೆಯೇ ಚೌಕಟ್ಟು. ಪಠಿಸಲೂ ಬಹುದು, ಸುಮಾರು 1,900 ವರ್ಷ ಹಳೆಯದಾದ ದಿದಖೆ ಎಂಬ ಸಭಾ ಕೈಪಿಡಿ ಇದನ್ನು ದಿನಕ್ಕೆ ಮೂರು ಸಾರಿ ಹೇಳಿ ಎನ್ನುತ್ತದೆ. ಆದರೆ ಅರ್ಧ ನಿಮಿಷದಲ್ಲಿ ಓಡಿಸಿ ಮುಗಿಸುವ ಬದಲು ಒಂದೊಂದು ಸಾಲಿಗೂ ನಿಲ್ಲಿ. ‘ನಿನ್ನ ನಾಮವು ಪರಿಶುದ್ಧವೆಂದು ಎಣಿಸಲ್ಪಡಲಿ’ ಎಂದು ಹೇಳಿ, ಆತನು ಯಾರೆಂಬುದನ್ನು ನಿಮ್ಮ ಮಾತಿನಲ್ಲಿ ಎರಡು ವಾಕ್ಯ ಹೇಳಿ. ‘ನಿನ್ನ ರಾಜ್ಯವು ಬರಲಿ’ ಎಂದಾಗ ಯಾವ ಅನ್ಯಾಯ ನಿಲ್ಲಬೇಕೋ ಅದನ್ನು ಹೆಸರಿಸಿ. ‘ಅನುದಿನದ ಆಹಾರ’ದಲ್ಲಿ ಇವತ್ತಿನ ಬೇಡಿಕೆಗಳು, ಮುಂದಿನ ಹತ್ತು ವರ್ಷದ್ದಲ್ಲ. ಕ್ಷಮೆಯ ಸಾಲಿನಲ್ಲಿ ಮೊದಲು ನಿಮ್ಮ ತಪ್ಪು, ಆಮೇಲೆ ನಿಮಗೆ ತಪ್ಪು ಮಾಡಿದವರ ಹೆಸರು. ಆ ಕೂಟದವರದ್ದೂ ಅಲ್ಲಿ ಬರಬಹುದು, ಇವತ್ತೇ ಬರಬೇಕೆಂದೇನಿಲ್ಲ. ಹೀಗೆ ಮಾಡಿದರೆ ಹತ್ತು ಹನ್ನೆರಡು ನಿಮಿಷ ಹಿಡಿಯುತ್ತದೆ, ಅಷ್ಟು ಸಾಕು. ಇಡೀ ಪ್ರಾರ್ಥನೆಯಲ್ಲಿ ‘ನನ್ನ’ ಎಂಬ ಪದವೇ ಇಲ್ಲ, ಎಲ್ಲವೂ ‘ನಮ್ಮ’, ‘ನಮಗೆ’ ಎಂಬುದನ್ನೂ ಗಮನಿಸಿ. ಕೊನೆಯ ‘ರಾಜ್ಯವೂ ಬಲವೂ ಮಹಿಮೆಯೂ’ ಎಂಬ ಸಾಲು ಮತ್ತಾಯನ ಅತಿ ಹಳೆಯ ಹಸ್ತಪ್ರತಿಗಳಲ್ಲಿಲ್ಲ; ಹೇಳಿದರೂ ಸರಿ, ಬಿಟ್ಟರೂ ಸರಿ.

ಎಡವುವುದು ಸಾಮಾನ್ಯವಾಗಿ ಎಲ್ಲಿ? ಬೇಡಿಕೆ ಬಹಳ ಮಸುಕಾಗಿರುತ್ತದೆ. ‘ಎಲ್ಲರನ್ನೂ ಆಶೀರ್ವದಿಸು’ ಎಂದರೆ ಉತ್ತರ ಬಂತೋ ಇಲ್ಲವೋ ಗೊತ್ತಾಗುವುದು ಹೇಗೆ? ಕುರುಡ ಬಾರ್ತಿಮಾಯನು ಕಣ್ಣೆದುರೇ ನಿಂತಿದ್ದರೂ ‘ನಾನು ನಿನಗೆ ಏನು ಮಾಡಬೇಕನ್ನುತ್ತೀ’ ಎಂದು ಯೇಸು ಕೇಳಿದ. ಇನ್ನೊಂದು, ಕೂಟದಲ್ಲಿ ಪ್ರಾರ್ಥನೆಯ ನೆಪದಲ್ಲಿ ಪಕ್ಕದವರಿಗೆ ಉಪದೇಶ ಮಾಡುವುದು. ಮತ್ತಾಯ 6:6 ಕೋಣೆಗೆ ಹೋಗಿ ಬಾಗಿಲು ಮುಚ್ಚು ಎನ್ನುವುದು ಇದಕ್ಕೇ. ಕೇಳುವವರು ಯಾರೂ ಇಲ್ಲದಿದ್ದರೆ ಮಾತು ತಾನೇ ಕಿರಿದಾಗುತ್ತದೆ. ಮನಸ್ಸು ಅಲೆಯುತ್ತದೆಯೇ? ಪಿಸುಮಾತಿನಲ್ಲಾದರೂ ಬಾಯಿಬಿಟ್ಟು ಹೇಳಿ. ಪಕ್ಕದಲ್ಲೊಂದು ಚೀಟಿ ಇಡಿ, ನೆನಪಾದ ಕೆಲಸವನ್ನು ಅದರಲ್ಲಿ ಗೀಚಿ ಮರಳಿ ಬನ್ನಿ. ಯಾರೊಂದಿಗಾದರೂ ಮನಸ್ತಾಪವಿದ್ದರೆ ಮೊದಲು ಹೋಗಿ ರಾಜಿಯಾಗು ಎಂದು ಮತ್ತಾಯ 5:24 ಹೇಳುತ್ತದೆ, ಇದನ್ನು ನಾವೆಲ್ಲ ಜಾಣತನದಿಂದ ಮರೆಯುತ್ತೇವೆ. ಉಪವಾಸ ಒಳ್ಳೆಯದೇ, ಆದರೆ ದೇವರೊಂದಿಗೆ ಚೌಕಾಸಿಗೆ ಇಳಿಸುವ ಪಣವಾಗಿ ಅಲ್ಲ. ಮೊಣಕಾಲೂರಲೇಬೇಕೆಂದೂ ಇಲ್ಲ. ಬೈಬಲ್ಲಿನಲ್ಲಿ ನಿಂತು, ಕೂತು, ಬೋರಲು ಬಿದ್ದು ಪ್ರಾರ್ಥಿಸಿದವರಿದ್ದಾರೆ. ಕ್ರಿ.ಶ. 325ರಲ್ಲಿ ನಿಕೇಯದಲ್ಲಿ ಸೇರಿದ ಬಿಷಪರ ಮಹಾಸಭೆಯಂತೂ ಭಾನುವಾರ ನಿಂತೇ ಪ್ರಾರ್ಥಿಸಿ ಎಂದು ನಿಯಮ ಮಾಡಿತು.

ಉಳಿದದ್ದು ನಿಮ್ಮ ಕೊನೆಯ ಸಾಲು, ಮಾತೇ ಬರುತ್ತಿಲ್ಲ ಎಂಬುದು. ರೋಮಾಪುರದವರಿಗೆ ಬರೆದ ಪತ್ರಿಕೆಯ 8:26ರ ಪ್ರಕಾರ ಅದೂ ಪ್ರಾರ್ಥನೆಯೇ. ಏನು ಬೇಡಬೇಕೆಂದು ತಿಳಿಯದವರ ಪರವಾಗಿ ಆತ್ಮನು ಮಾತಿಲ್ಲದ ನರಳಾಟದಿಂದ ಬೇಡುತ್ತಾನೆ. ಸ್ವಂತ ಮಾತಿಲ್ಲದಾಗ ಸಾಲ ತರಲು ಬೈಬಲ್ಲಿನ ಕೀರ್ತನೆಗಳಿವೆ. 150ರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಪ್ರಲಾಪಗಳೇ. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ, ಒಂದು ಸಮಾಧಾನದ ಸಾಲೂ ಇಲ್ಲ. ಯೇಸು ಶಿಲುಬೆಯ ಮೇಲೆ ಕೂಗಿದ್ದು 22ನೆಯದರ ಮೊದಲ ಸಾಲನ್ನು. ಸಿಟ್ಟು, ದೂರು, ಪ್ರಶ್ನೆ ಎಲ್ಲಕ್ಕೂ ಅಲ್ಲಿ ಜಾಗವಿದೆ.

ನೀವು 13ನೇ ಕೀರ್ತನೆಯಿಂದ ಶುರು ಮಾಡಿ. ಆರೇ ವಚನ, ಗಟ್ಟಿಯಾಗಿ ಓದಿದರೂ ಒಂದು ನಿಮಿಷ. ಮೊದಲೆರಡು ವಚನಗಳಲ್ಲಿ ನಾಲ್ಕು ಸಾರಿ ‘ಎಷ್ಟರವರೆಗೆ’ ಎಂಬ ಕೂಗು ಬರುತ್ತದೆ, ಪ್ರತಿ ಸಾರಿಯೂ ನಿಲ್ಲಿ. ಮೂರು ಮತ್ತು ನಾಲ್ಕು ಬೇಡಿಕೆ. ಐದು, ಆರು ಭರವಸೆ ಮತ್ತು ಹಾಡು. ಆ ಕೊನೆಯ ಎರಡನ್ನು ಈಗ ಪ್ರಾಮಾಣಿಕವಾಗಿ ಹೇಳಲಾಗದಿದ್ದರೆ ನಾಲ್ಕಕ್ಕೇ ಆಮೆನ್ ಅನ್ನಿ. ಉಳಿದ ಎರಡನ್ನು ಸದ್ಯಕ್ಕೆ ನಿಮ್ಮ ಪರವಾಗಿ ನಾವು ಇಲ್ಲಿ ಹೇಳುತ್ತಿರುತ್ತೇವೆ.