ಹಿತ್ತಲಿನ ಗಿಡುಗ ಯಾವುದು?

ಪ್ರಶ್ನೆ: ಮನೆ ಹಿಂದಿನ ಬೇವಿನ ಮರಕ್ಕೆ ಪಾರಿವಾಳದಷ್ಟು ದೊಡ್ಡ ಗಿಡುಗ ಬರುತ್ತದೆ. ಒಮ್ಮೆ ಬೂದು ಕಂಡರೆ ಇನ್ನೊಮ್ಮೆ ಕಂದು. ಇದು ಶಿಕ್ರಾನೋ, ಸ್ಪ್ಯಾರೋಹಾಕೋ?
– ಓದುಗರು, ಬಾಗಲಕೋಟೆ

ಉತ್ತರ: ನಿಮ್ಮ ಕಡೆ ವರ್ಷವಿಡೀ ಇರುವುದು ಶಿಕ್ರಾ. ಸ್ಪ್ಯಾರೋಹಾಕ್ ಚಳಿಗಾಲದ ಅತಿಥಿ. ದೀಪಾವಳಿಯಿಂದ ಹೋಳಿಹುಣ್ಣಿಮೆ ಸುಮಾರಿನವರೆಗೆ ಮಾತ್ರ ಅದರ ಗುಮಾನಿ ಇಟ್ಟುಕೊಂಡರೆ ಸಾಕು.

ಬಣ್ಣ, ಗಾತ್ರ ಎರಡನ್ನೂ ನಂಬಬೇಡಿ. ಎರಡೂ ಗಿಡುಗಗಳಲ್ಲಿ ಗಂಡಿಗಿಂತ ಹೆಣ್ಣು ದೊಡ್ಡದು. ಹಾಗಾಗಿ ಹೆಣ್ಣು ಶಿಕ್ರಾ ಮತ್ತು ಗಂಡು ಸ್ಪ್ಯಾರೋಹಾಕ್ ಹೆಚ್ಚುಕಡಿಮೆ ಸಮ ಕಾಣುತ್ತವೆ. ಶಿಕ್ರಾದಲ್ಲೇ ಬೂದು ಬೆನ್ನು, ಎದೆಯಲ್ಲಿ ಕೆಂಗಂದು ಅಡ್ಡಗೆರೆ ಇದ್ದರೆ ಅದು ಬೆಳೆದದ್ದು. ಗಂಡಿನ ಕಣ್ಣು ಕೆಂಪು. ಕಂದು ಬೆನ್ನು, ಎದೆ ತುಂಬ ಕಂದು ಹನಿ ಇದ್ದರೆ ಅದರದೇ ಎಳೆಯದು. ನೀವು ಕಂಡ ಎರಡು ಬಣ್ಣಕ್ಕೆ ಬಹುಶಃ ಇದೇ ಕಾರಣ.

ಎದುರಿಗೆ ಕೂತಾಗ ಗಂಟಲು ನೋಡಿ. ನಟ್ಟನಡುವೆ ತೆಳ್ಳನೆಯ ಒಂದು ಗೆರೆ ಇಳಿದಿದ್ದರೆ ಶಿಕ್ರಾ. ಎಳೆಯದರಲ್ಲಿ ಅದು ಎದ್ದು ಕಾಣುತ್ತದೆ, ಬೆಳೆದ ಗಂಡಿನಲ್ಲಿ ಮಸುಕು. ಸ್ಪ್ಯಾರೋಹಾಕ್‌ಗೆ ಆ ಗೆರೆ ಇಲ್ಲ. ಆಮೇಲೆ ಕಾಲು: ಶಿಕ್ರಾದ ಕಾಲು ಗಿಡ್ಡ, ದಪ್ಪ, ಸ್ಪ್ಯಾರೋಹಾಕ್‌ನದು ಕಡ್ಡಿಯಂತೆ ತೆಳು, ನಡುಬೆರಳು ಎದ್ದು ಕಾಣುವಷ್ಟು ಉದ್ದ. ತಲೆ ಮೇಲೆ ಹಾರಿದರೆ ಮೊಬೈಲಿನಲ್ಲಿ ಒಂದರ ಹಿಂದೊಂದು ಫೋಟೊ ಹೊಡೆದು, ರೆಕ್ಕೆ ತುದಿಯಲ್ಲಿ ಬಿಡಿಬಿಡಿಯಾಗಿ ಚಾಚಿದ ಗರಿ ಎಣಿಸಿ. ಐದಿದ್ದು ರೆಕ್ಕೆಯಡಿ ಬಿಳಿಚಿದ್ದರೆ ಶಿಕ್ರಾ, ಆರಿದ್ದು ಪಟ್ಟೆ ದಟ್ಟವಾಗಿದ್ದರೆ ಸ್ಪ್ಯಾರೋಹಾಕ್. ಗರಿ ಉದುರಿ ಹೊಸದು ಬರುವಾಗ ಲೆಕ್ಕ ತಪ್ಪುತ್ತದೆ. ಒಂದೇ ಫೋಟೊ ನೋಡಿ ತೀರ್ಮಾನಿಸಬೇಡಿ.

ಹೆಚ್ಚು ಜನ ಮೋಸಹೋಗುವುದು ಗಿಡುಗವೇ ಅಲ್ಲದ ಗಿಡುಗ-ಕೋಗಿಲೆಯ ಎದುರು. ಬಣ್ಣ, ಬಾಲದ ಪಟ್ಟೆ, ಹಾರಿ ಬಂದು ಕೊಂಬೆ ಮೇಲೆ ಕೂರುವ ರೀತಿ ಎಲ್ಲವೂ ಥೇಟ್ ಶಿಕ್ರಾ! ಕೊಕ್ಕು ಮಾತ್ರ ಕೊಕ್ಕೆಯಂತೆ ಬಾಗಿರುವುದಿಲ್ಲ, ಬೆರಳು ಎರಡು ಮುಂದೆ, ಎರಡು ಹಿಂದೆ. ಬೇಸಿಗೆ ರಾತ್ರಿಯಲ್ಲಿ ಮೂರು ಸ್ವರದ ಕೂಗು ಮೇಲೇರುತ್ತ ಹೋದರೆ ಅದು ಇದೇ.

ಪ್ರಶ್ನೆ: ಖಾನಾಪುರದ ಕಾಡಂಚಿನ ನಮ್ಮ ತೋಟಕ್ಕೆ ಬರುವ ಗಿಡುಗದ ಗಂಟಲ ಗೆರೆ ದಪ್ಪವಾಗಿದೆ. ಇದೂ ಶಿಕ್ರಾನಾ?
– ಓದುಗರು, ಬೆಳಗಾವಿ ಜಿಲ್ಲೆ

ಉತ್ತರ: ಬೆಸ್ರಾ ಎಂಬ ಇನ್ನೊಂದು ಗಿಡುಗ ಇರಬಹುದು. ಪಶ್ಚಿಮಘಟ್ಟದ ದಟ್ಟ ಕಾಡಿನ ಹಕ್ಕಿಯಾದ್ದರಿಂದ ನಿಮ್ಮಲ್ಲಿ ಸಾಧ್ಯ, ವಿಜಯಪುರದ ಬಯಲಿನಲ್ಲಿ ನಿರೀಕ್ಷಿಸಬೇಡಿ. ಆದರೆ ಎಳೆಯ ಶಿಕ್ರಾದ ಗೆರೆಯೂ ಕಪ್ಪಗೆ ಇರುವುದರಿಂದ ಗೆರೆಯೊಂದೇ ಸಾಲದು. ಬಾಲದ ಕಪ್ಪು ಪಟ್ಟೆಗಳು ನಡುವಿನ ತಿಳಿ ಭಾಗದಷ್ಟೇ ಅಗಲವಾಗಿದ್ದರೆ ಬೆಸ್ರಾ. ಶಿಕ್ರಾದಲ್ಲಿ ಆ ಪಟ್ಟೆ ಕಿರಿದು.