ಕೇಳಿ, ಹೇಳ್ತೀನಿ: ನಮ್ಮವನು ಗೆದ್ದರೆ ನಮಗೇನು?

ಪ್ರಶ್ನೆ: ಅಕ್ಕಾ, ನನಗೆ 27 ವರ್ಷ. ದಾವಣಗೆರೆಯ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ನಾನು ಗೇ, ಮನೆಯಲ್ಲಿ ತಂಗಿಗೆ ಮಾತ್ರ ಗೊತ್ತು. ನಮ್ಮಪ್ಪ ಮಠಕ್ಕೆ ನಡೆದುಕೊಳ್ಳುವವರು, ನಾನೂ ಅಷ್ಟೇ. ವೋಟು ಹಾಕುವುದೂ ಧರ್ಮ, ಸಂಪ್ರದಾಯ ಅಂತ ಮಾತಾಡುವ ಪಕ್ಷಕ್ಕೇ. ಜರ್ಮನಿಯಲ್ಲಿ ಅಂಥದ್ದೇ ಒಂದು ಪಕ್ಷಕ್ಕೆ, ಹೆಂಗಸಿನ ಜೊತೆ ಸಂಸಾರ ಮಾಡುವ ಹೆಂಗಸೇ ನಾಯಕಿ ಅಂತ ಓದಿ ಖುಷಿಯಾಯಿತು. ಗೆಳೆಯನಿಗೆ ಹೇಳಿದರೆ 'ಅವಳು ನಮ್ಮವಳಲ್ಲ, ದ್ರೋಹಿ' ಅಂತ ಮಂಡಕ್ಕಿ ತಟ್ಟೆ ಬಿಟ್ಟು ಎದ್ದುಹೋದ. ನಾನು ಖುಷಿಪಟ್ಟದ್ದು ತಪ್ಪಾ? ಪಕ್ಷ ಬಿಡಬೇಕಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ಖುಷಿಪಟ್ಟದ್ದು ತಪ್ಪಲ್ಲ ತಮ್ಮಾ. ಮಂಡಕ್ಕಿ ಬಿಟ್ಟು ಎದ್ದುಹೋದದ್ದು ತಪ್ಪು, ಅದೂ ಮೆಣಸಿನಕಾಯಿ ಬಿಸಿ ಇರುವಾಗ.

ಮೊದಲು ಒಂದು ಮಾತು. ನಾನು ಇಲ್ಲಿ 'ಗೇ' ಅಂತಲೇ ಬರೆಯುತ್ತೇನೆ. ಪತ್ರಿಕೆಯವರು ಬರೆಯುವ 'ಸಲಿಂಗಕಾಮಿ'ಯಲ್ಲಿ ಕಾಮ ಒಂದೇ ಕಣ್ಣಿಗೆ ಹೊಡೆಯುತ್ತೆ. ಅಂಗಡಿ ಮುಚ್ಚಿ ಮನೆಗೆ ಹೋಗಿ ತಂಗಿ ಜೊತೆ ಊಟ ಮಾಡುವ ಹುಡುಗ ಅದರೊಳಗೆ ಕಾಣುವುದೇ ಇಲ್ಲ.

ನೀನು ಓದಿದ್ದು ಆಲಿಸ್ ವೈಡೆಲ್ ಬಗ್ಗೆ. ಅವರ ಸಂಗಾತಿ ಶ್ರೀಲಂಕಾ ಮೂಲದವರು, ಇಬ್ಬರು ಗಂಡುಮಕ್ಕಳಿದ್ದಾರೆ. ಅವರ ಪಕ್ಷ ಎಎಫ್‌ಡಿ ವಲಸಿಗರನ್ನು ವಿರೋಧಿಸುತ್ತೆ, ಅಪ್ಪ, ಅಮ್ಮ, ಮಕ್ಕಳು ಇದ್ದರೇನೇ ಕುಟುಂಬ ಅನ್ನುತ್ತೆ. ಅಂದರೆ ನಾಯಕಿಯ ಮನೆಯೇ ಪಕ್ಷದ ಲೆಕ್ಕಕ್ಕೆ ಸಿಗುವುದಿಲ್ಲ! ಅದೇ ದೇಶದಲ್ಲಿ ಯೆನ್ಸ್ ಶ್ಪಾನ್ ಅನ್ನುವ ರಾಜಕಾರಣಿ ಇದ್ದಾರೆ, ಅವರೂ ಗೇ. ಅವರದ್ದೂ ಸಂಪ್ರದಾಯವಾದಿ ಪಕ್ಷವೇ, ಆಗ ಸರ್ಕಾರ ನಡೆಸುತ್ತಿದ್ದ ಅಂಗೆಲಾ ಮೆರ್ಕೆಲ್ ಅವರ ಸಿಡಿಯು. 2017ರಲ್ಲಿ ಗೇ ಮದುವೆ ಮಸೂದೆ ಸಂಸತ್ತಿಗೆ ಬಂದಾಗ ಮೆರ್ಕೆಲ್ ಅದರ ವಿರುದ್ಧ ಮತ ಹಾಕಿದರು, ಶ್ಪಾನ್ ಅದರ ಪರವಾಗಿ ಹಾಕಿದರು. ಆಮೇಲೆ ಆರೋಗ್ಯ ಮಂತ್ರಿಯಾದಾಗ, ಗೇ ಮಕ್ಕಳನ್ನು 'ಸರಿ ಮಾಡ್ತೀವಿ' ಅನ್ನುವ ಚಿಕಿತ್ಸೆಯನ್ನು 2020ರಲ್ಲಿ ನಿಷೇಧಿಸಿದ್ದೂ ಅವರೇ. ನಿನ್ನ ಗೆಳೆಯ ಇಬ್ಬರನ್ನೂ ಒಂದೇ ಮೊರದಲ್ಲಿ ಕೇರುತ್ತಿದ್ದಾನೆ.

ಈ 'ನಮ್ಮವರು' ಅನ್ನುವ ಪದ ಇದೆಯಲ್ಲ, ಅದು ದಾವಣಗೆರೆ, ಚಿತ್ರದುರ್ಗ, ನಮ್ಮ ಈ ಎರಡು ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಚುನಾವಣೆ ಹತ್ತಿರ ಬಂತು ಅಂದರೆ ಒಂದೊಂದು ಸಮಾಜವೂ ಸಭೆ ಕರೆದು 'ನಮಗೊಂದು ಟಿಕೆಟ್' ಅನ್ನುತ್ತೆ. ಆದರೆ ನಮ್ಮವರೇ ಗೆದ್ದ ಮೇಲೆ ಯಾರ ಮಾತು ಕೇಳುತ್ತಾರೆ ಅನ್ನುವುದು ಬೇರೆ ಕಥೆ. 1932ರ ಪೂನಾ ಒಪ್ಪಂದದ ಹೊತ್ತಿನಲ್ಲಿ ಅಂಬೇಡ್ಕರ್ ಅವರ ತಲೆಬಿಸಿಯೂ ಇದೇ. ಸೀಟು ದಲಿತರಿಗೆ ಮೀಸಲು, ಆದರೆ ವೋಟು ಹಾಕುವವರು ಎಲ್ಲರೂ. ಹಾಗಾದರೆ ಗೆಲ್ಲುವ ದಲಿತ ಯಾರ ಮುಲಾಜಿನಲ್ಲಿ ಇರುತ್ತಾನೆ? 1952ರಲ್ಲಿ ಮುಂಬೈನಲ್ಲಿ ಸ್ವತಃ ಅವರೇ ಸೋತರು. ಚಿತ್ರದುರ್ಗ ಲೋಕಸಭೆ, ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಎಲ್ಲ ಮೀಸಲು ಕ್ಷೇತ್ರಗಳೇ, ಅಲ್ಲಿನವರಿಗೆ ಈ ಪ್ರಶ್ನೆ ಹೊಸದಲ್ಲ.

ನಿಮ್ಮಂಥ ಗೇ ಜನರ ಸ್ಥಿತಿ ಅದಕ್ಕಿಂತಲೂ ವಿಚಿತ್ರ. ನಿಮಗೆ ಕ್ಷೇತ್ರ ಇಲ್ಲ, ಪೀಠ ಇಲ್ಲ, ಹಾಸ್ಟೆಲ್ ಇಲ್ಲ, ಸಮುದಾಯ ಭವನ ಇಲ್ಲ. ಯಾವುದೇ ಜಾತಿಯ ಮಗುವಿಗೆ ಮನೆಯಲ್ಲಿ ಅಜ್ಜಿಯಾದರೂ 'ನಾವು ಇಂಥವರು' ಅಂತ ಹೇಳುತ್ತಾಳೆ. ನಿನಗೆ ಹಾಗೆ ಹೇಳುವವರು ಆ ಮನೆಯಲ್ಲಿ ಯಾರಿದ್ದಾರೆ? ಅದಕ್ಕೇ ದೂರದ ಜರ್ಮನಿಯ ಹೆಂಗಸೊಬ್ಬಳ ಸುದ್ದಿ ಓದಿ ನಿನಗೆ ಮನೆಯವರನ್ನೇ ಕಂಡ ಹಾಗಾಯಿತು. ಅದು ನನಗೆ ಅರ್ಥವಾಗುತ್ತೆ.

ಆದರೆ ಮನೆಯವರಾದರೂ ಕೈ ಎತ್ತುವ ದಿನ ಯಾವ ಕಡೆ ಎತ್ತಿದರು ಅಂತ ನೋಡಬೇಕಲ್ಲಪ್ಪ. ಸೆರ್ಬಿಯಾದ ಆನಾ ಬ್ರ್ನಾಬಿಚ್ 2017ರಿಂದ 2024ರವರೆಗೆ ಪ್ರಧಾನಿಯಾಗಿದ್ದರು, ಅವರೂ ಹೆಂಗಸಿನ ಜೊತೆಗೇ ಬಾಳುವವರು. ಅಷ್ಟೂ ವರ್ಷದಲ್ಲಿ ಅಂಥ ಜೋಡಿಗಳಿಗೆ ಮಾನ್ಯತೆ ಕೊಡುವ ಕಾನೂನು ಬರಲೇ ಇಲ್ಲ. ಅಮೆರಿಕದ ಜಿಮ್ ಕೋಲ್ಬಿ, ಅಲ್ಲಿನ ಸಂಪ್ರದಾಯವಾದಿಗಳ ರಿಪಬ್ಲಿಕನ್ ಪಕ್ಷದ ಸಂಸದರಾಗಿದ್ದರು. 1996ರಲ್ಲಿ ಗೇ ಮದುವೆಗೆ ಮಾನ್ಯತೆ ಬೇಡ ಅನ್ನುವ ಕಾನೂನಿಗೆ ಮತ ಹಾಕಿದರು. ಪತ್ರಿಕೆಯೊಂದು ಗುಟ್ಟು ಬಯಲು ಮಾಡುತ್ತೆ ಅಂತ ಗೊತ್ತಾದಾಗ, ಅದೇ ವರ್ಷ ತಾವು ಗೇ ಅಂತ ತಾವೇ ಹೇಳಿಕೊಂಡರು. 2013ರಲ್ಲಿ ಅವರೇ ಸೆನೆಟ್ ಸಮಿತಿ ಮುಂದೆ ಕೂತು, ಪನಾಮಾ ದೇಶದ ತಮ್ಮ ಸಂಗಾತಿಯನ್ನು ಅಮೆರಿಕದಲ್ಲಿ ಉಳಿಸಿಕೊಳ್ಳಲು ಪಟ್ಟ ಪಾಡನ್ನು ವಿವರಿಸಿದರು. ಆ ಪಾಡಿಗೆ ಕಾರಣಗಳಲ್ಲಿ ಅವರೇ ಮತ ಹಾಕಿದ ಆ ಕಾನೂನೂ ಒಂದು.

ಇನ್ನು ನಮ್ಮ ದೇಶಕ್ಕೆ ಬರುವ ಮೊದಲು ಬ್ರಿಟನ್ ಒಂದು ನೋಡು. ಅಲ್ಲಿ 2013ರಲ್ಲಿ ಕನ್ಸರ್ವೇಟಿವ್ ಪ್ರಧಾನಿ ಕ್ಯಾಮರಾನ್ ಗೇ ಮದುವೆ ಮಸೂದೆ ತಂದಾಗ, ಅವರ ಪಕ್ಷದಲ್ಲೇ ಪರ ನಿಂತವರಿಗಿಂತ ವಿರೋಧಿಸಿದವರು ಜಾಸ್ತಿ. ವಿಪ್, ಅಂದರೆ ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ, ಹಾಕಿರಲಿಲ್ಲ, ಮನಸ್ಸಿಗೆ ಬಂದಂತೆ ಮತ ಹಾಕಿದರು. 400ಕ್ಕೆ 175ರಲ್ಲಿ ಮೊದಲ ಮತದಾನ ಗೆದ್ದಿತು. ನಮ್ಮ ದೇಶದಲ್ಲಿ 1985ರ ಪಕ್ಷಾಂತರ ನಿಷೇಧ ಕಾಯ್ದೆ ಇದೆ. ವಿಪ್ ಮೀರಿ ಮತ ಹಾಕಿದರೆ ಸೀಟೇ ಹೋಗಬಹುದು. ನಾಳೆ ನಿನ್ನಂಥವನೇ ಒಬ್ಬ ಸಂಸದನಾದ ಅಂತಿಟ್ಟುಕೋ, ಪಕ್ಷ ಬೇಡ ಅಂದರೆ ಬೇಡ ಅಂತ ಬಟನ್ ಒತ್ತಬೇಕು. ಅದಕ್ಕೇ ಆ ಒಬ್ಬನನ್ನೇ ದ್ರೋಹಿ ಅನ್ನುವ ಮೊದಲು ನಾನು ಸ್ವಲ್ಪ ಯೋಚನೆ ಮಾಡುತ್ತೇನೆ.

ಪಕ್ಷ ಬಿಡು ಅಂತ ನಾನ್ಯಾಕೆ ಹೇಳಲಿ? ಬೇರೆಯವರೇನು ಹಾಲಿನಲ್ಲಿ ತೊಳೆದವರಾ? ಗೇ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಂ ಬದಲಿಸಲು 2015ರಲ್ಲಿ ಕಾಂಗ್ರೆಸ್‌ನ ಶಶಿ ತರೂರ್ ಖಾಸಗಿ ಮಸೂದೆ ಮಂಡಿಸಲು ಹೋದಾಗ ಪರವಾಗಿ ಬಿದ್ದದ್ದು 24 ಮತ, ವಿರುದ್ಧ 71. ಸದನದಲ್ಲಿ ಗೆದ್ದು ಬರುವವರ ಸೀಟೇ 543! ಉಳಿದವರೆಲ್ಲ ಎಲ್ಲಿದ್ದರೋ. ಕೊನೆಗೆ 2018ರಲ್ಲಿ ಆ ಕೆಲಸ ಮಾಡಿದ್ದು ಸುಪ್ರೀಂ ಕೋರ್ಟ್.

ನಿನ್ನ ಪಕ್ಷದ ಕಡೆಯವರೂ ಒಂದೇ ಮಾತಿನಲ್ಲಿ ನಿಂತಿಲ್ಲ. ನಮ್ಮ ಪಕ್ಕದ ಸೊರಬದವರಾದ ಆರೆಸ್ಸೆಸ್‌ನ ದತ್ತಾತ್ರೇಯ ಹೊಸಬಾಳೆ 2016ರಲ್ಲಿ ಇದು ಅಪರಾಧವಲ್ಲ ಅಂದರು, ಮರುದಿನವೇ ಸಮಾಜದ ದೃಷ್ಟಿಯಲ್ಲಿ ಅನೈತಿಕ ಅಂತ ಸೇರಿಸಿದರು. 2023ರಲ್ಲಿ ಮೋಹನ್ ಭಾಗವತ್ ಜರಾಸಂಧನ ಸೇನಾಪತಿಗಳಾದ ಹಂಸ, ಡಿಂಭಕರ ಕಥೆ ಹೇಳಿ, ಇಂಥವರು ಮೊದಲಿನಿಂದಲೂ ಇದ್ದಾರೆ ಅಂದರು. ಅದೇ ವರ್ಷ ಕೇಂದ್ರ ಸರ್ಕಾರ ಕೋರ್ಟಿನಲ್ಲಿ ಗೇ ಮದುವೆಯನ್ನು ವಿರೋಧಿಸಿತು. ನಿಮ್ಮ ವಾರ್ಡಿನ ಕಾರ್ಯಕರ್ತ ವೋಟು ಕೇಳಲು ಬರುತ್ತಾನಲ್ಲ, ಈ ಮೂರರಲ್ಲಿ ಪಕ್ಷದ ಮಾತು ಯಾವುದು ಅಂತ ಕೇಳು. ನಿನ್ನ ವಿಷಯ ಹೇಳಿಕೊಳ್ಳಬೇಕಿಲ್ಲ, ಸುಮ್ನೆ ಕೇಳು. ಗೆಳೆಯನಿಗೆ ಒಂದು ಪ್ಲೇಟ್ ಬೆಣ್ಣೆ ದೋಸೆ ಕೊಡಿಸು.

ಪ್ರಶ್ನೆ: ಈ ಗೇ ಜನರಿಗೂ ಈಗ ಶೇ. 1 ಮೀಸಲಾತಿ ಕೊಟ್ಟಿದ್ದಾರಂತೆ. ಇನ್ನೂ ಏನು ಪ್ರಾತಿನಿಧ್ಯ ಬೇಕು?
– ಓದುಗ, ಹೊಳಲ್ಕೆರೆ

ಉತ್ತರ: ಅದು ಗೇ ಜನರಿಗಲ್ಲ ಸ್ವಾಮಿ. 2021ರಲ್ಲಿ ರಾಜ್ಯ ಸರ್ಕಾರದ ನೌಕರಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ, ಅಂದರೆ ಟ್ರಾನ್ಸ್‌ಜೆಂಡರ್ ಜನರಿಗೆ ಕೊಟ್ಟದ್ದು. ಅವರಲ್ಲೊಬ್ಬರಾದ ಜೋಗತಿ ಮಂಜಮ್ಮ ಜಾನಪದ ಅಕಾಡೆಮಿ ಅಧ್ಯಕ್ಷೆಯಾದರು, ಪದ್ಮಶ್ರೀ ಪಡೆದರು, ನಾವೆಲ್ಲ ಚಪ್ಪಾಳೆ ಹೊಡೆದೆವು. ಗೇ, ಟ್ರಾನ್ಸ್‌ಜೆಂಡರ್ ಎರಡೂ ಒಂದೇ ಅಂತ ತಿಳಿದುಕೊಂಡಿದ್ದೀರಿ, ನೀವೊಬ್ಬರೇ ಅಲ್ಲ ಬಿಡಿ.

ಪ್ರಶ್ನೆ: ನಾನು ಗೇ ಅಂತ ಹೇಳಿಕೊಂಡವನಿಗೆ ನಮ್ಮ ಕಡೆ ಟಿಕೆಟ್ ಸಿಗುತ್ತಾ?
– ಓದುಗ, ಹರಿಹರ

ಉತ್ತರ: ಜಾತಿ, ದುಡ್ಡು, ಮಠದ ಆಶೀರ್ವಾದ ಮೂರೂ ಇದ್ದರೆ ಏನು ಬೇಕಾದರೂ ಸಿಗಬಹುದು. ಮುಂದಿನದ್ದು ಕಷ್ಟ. ನಾಮಪತ್ರದ ದಿನ ನಮ್ಮ ಅಭ್ಯರ್ಥಿಗಳು ದಂಪತಿ ಸಮೇತ ದುಗ್ಗಮ್ಮನ ಗುಡಿಗೆ ಹೋಗಿ, ಹೆಂಡತಿ ಆರತಿ ಎತ್ತುವ ಫೋಟೋ ತೆಗೆಸುತ್ತಾರೆ. ಅದಾದರೂ ಹೋಗಲಿ. ನಾಮಪತ್ರದ ಜೊತೆ ನಮೂನೆ 26 ಅಂತ ಒಂದು ಅಫಿಡವಿಟ್ ಕೊಡಬೇಕು. ಅದರಲ್ಲಿ ತನ್ನದು, ಗಂಡ ಅಥವಾ ಹೆಂಡತಿಯದು, ಅವಲಂಬಿತರದು ಅಂತ ಆಸ್ತಿಗೆ ಬೇರೆ ಬೇರೆ ಕಾಲಂ ಇವೆ. ಅವಲಂಬಿತರು ಅಂದರೂ ರಕ್ತ ಸಂಬಂಧ ಇಲ್ಲವೇ ಮದುವೆ ಸಂಬಂಧ ಇರಬೇಕು. ಇಪ್ಪತ್ತು ವರ್ಷದಿಂದ ಒಂದೇ ಮನೆಯಲ್ಲಿ, ಒಂದೇ ರೇಷನ್ ಖರ್ಚಿನಲ್ಲಿ ಜೊತೆಗಿರುವವನ ಹೆಸರನ್ನು ಅವನು ಯಾವ ಕಾಲಂನಲ್ಲಿ ಬರೆಯಬೇಕು? ಗಂಡ-ಹೆಂಡತಿ ಕಾಲಂನಲ್ಲಿ 'ಅನ್ವಯಿಸುವುದಿಲ್ಲ' ಅಂತ ಬರೆದು, ಕೆಳಗೆ ಸಹಿ ಹಾಕಿ, ನೋಟರಿ ಸೀಲು ಹೊಡೆಸಿಕೊಂಡು ಬರಬೇಕು.