ನಿಮ್ಮ ‘ಫರ್ಡಿನಾಂಡ್’ ಲೇಖನದ ಬಗ್ಗೆ

ನಮಸ್ಕಾರ.

‘ಫರ್ಡಿನಾಂಡ್: ಒಂದು ಹೆಸರಿನ ಕಥೆ’ಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

‘ಹೆಸರಿನಲ್ಲೇನಿದೆ’ ಅಂತ ಶುರು ಮಾಡಿದ್ದೀರಿ. ಆ ಸಾಲು ತೆಗೆಯಿರಿ. ಆಮೇಲೆ ಫರ್ನಾಂಡೊ, ಹೆರ್ನಾನ್, ಫೆರಾನ್, ನಾಂಡೋರ್ ಅಂತ ಬೇರೆ ಬೇರೆ ಭಾಷೆಗಳಲ್ಲಿ ಇದೇ ಹೆಸರಿನ ರೂಪಗಳ ಎರಡು ಪುಟ ಪಟ್ಟಿ. ದಿನಸಿ ಚೀಟಿ ಓದಿದ ಹಾಗಾಯಿತು. ‘ಫರ್ನಾಂಡೊ’ ಹೇಗೆ ‘ಹೆರ್ನಾಂಡೊ’ ಆಯಿತು ಅಂತ ಓದುಗರಿಗೆ ಕುತೂಹಲ ಇರುತ್ತದೆ, ಅಲ್ವಾ? ಸ್ಪೇನಿನಲ್ಲಿ ಪದದ ಮೊದಲ ‘ಫ’ ಸವೆದು ‘ಹ’ ಆಯಿತು. ಈಗ ಆ ‘ಹ’ ಬರವಣಿಗೆಯಲ್ಲಿ ಮಾತ್ರ ಉಳಿದಿದೆ. ನಮ್ಮ ಹಳಗನ್ನಡದ ‘ಪಾಲ್’ ‘ಹಾಲು’ ಆದದ್ದನ್ನು ಪಕ್ಕದಲ್ಲಿಡಿ, ಪಟ್ಟಿಯೇ ಬೇಕಾಗುವುದಿಲ್ಲ.

‘ಫರ್ಡಿನಾಂಡ್ ಎಂದರೆ ಧೀರ ಪ್ರಯಾಣಿಕ’ ಅಂತ ಖಚಿತವಾಗಿ ಬರೆದಿದ್ದೀರಿ. ಎರಡನೇ ಭಾಗ ಧೈರ್ಯದ್ದು, ಸರಿ. ಮೊದಲ ಭಾಗ ಪ್ರಯಾಣವೋ ಶಾಂತಿಯೋ ಅನ್ನುವುದರಲ್ಲಿ ವಿದ್ವಾಂಸರಲ್ಲೇ ಒಮ್ಮತವಿಲ್ಲ. ಹಾಗಂತಲೇ ಬರೆಯಿರಿ.

ನಿಘಂಟುಕಾರ ಕಿಟೆಲ್ ಅವರ ಮೊದಲ ಹೆಸರು ‘ಫರ್ಡಿನಾಂಡ್’ ಅಪ್ಪಟ ಜರ್ಮನ್ ಅಂದಿದ್ದೀರಿ. ಇಲ್ಲೇ ಒಳ್ಳೆಯ ಕಥೆ ಕೈತಪ್ಪಿದೆ. ಹೆಸರು ಜರ್ಮಾನಿಕ್ ಮೂಲದ್ದೇ. ಆದರೆ ಅದನ್ನು ಸ್ಪೇನಿಗೆ ಕೊಂಡೊಯ್ದವರು ವಿಸಿಗೋಥರು ಎಂಬ ಜರ್ಮಾನಿಕ್ ಜನ. ಶತಮಾನಗಳ ನಂತರ ಆಸ್ಟ್ರಿಯಾವನ್ನು ಆಳಿದ ಹ್ಯಾಬ್ಸ್‌ಬರ್ಗ್ ಮನೆತನದ ಮೂಲಕ ಅದು ಜರ್ಮನ್ ನಾಡುಗಳಲ್ಲಿ ಹರಡಿತು. 1503ರಲ್ಲಿ ಸ್ಪೇನಿನಲ್ಲಿ ಹುಟ್ಟಿದ ಆ ಮನೆತನದ ರಾಜಕುಮಾರನಿಗೆ ತಾಯಿಯ ತಂದೆಯಾದ ಸ್ಪೇನಿನ ದೊರೆಯ ಹೆಸರಿಟ್ಟರು. ಅವನೇ ಮುಂದೆ ಚಕ್ರವರ್ತಿ ಒಂದನೇ ಫರ್ಡಿನಾಂಡ್. ತವರಿಗೆ ಸ್ಪೇನಿನ ದಾರಿಯಲ್ಲಿ ವಾಪಸ್ ಬಂದ ಹೆಸರು ಇದು.

ಇನ್ನು ಮಂಗಳೂರು. ಕೊನೆಯ ಪುಟದಲ್ಲಿ ಸುಮ್ನೆ ಒಂದು ಸಾಲು ಬರೆದಿದ್ದೀರಿ: ‘ಫರ್ನಾಂಡಿಸ್ ಎಂದರೆ ಫರ್ನಾಂಡೊನ ಮಗ, ಹಾಗಾಗಿ ನಮ್ಮ ಫರ್ನಾಂಡಿಸರ ಮೂಲಪುರುಷ ಫರ್ನಾಂಡೊ.’ ಅರ್ಥ ಸರಿ, ತೀರ್ಮಾನ ತಪ್ಪು. ಗೋವೆಯಲ್ಲಿ ದೀಕ್ಷಾಸ್ನಾನವಾದಾಗ ಆ ಕೊಂಕಣಿ ಕುಟುಂಬಗಳಿಗೆ ಪೋರ್ಚುಗೀಸ್ ಅಡ್ಡಹೆಸರು ಬಂತು, ಆಮೇಲೆ ಅವರು ತುಳುನಾಡಿಗೆ ವಲಸೆ ಬಂದರು. ವಂಶಕ್ಕೂ ಆ ಫರ್ನಾಂಡೊಗೂ ಸಂಬಂಧ ಇರಬೇಕೆಂದೇನಿಲ್ಲ.

ಈಗ ನೋಡಿ: ಕಿಟೆಲ್ ನಿಘಂಟು 1894ರಲ್ಲಿ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದದ್ದು ಇದೇ ಮಂಗಳೂರಿನಲ್ಲಿ. ಒಂದೇ ಹೆಸರು ಎರಡು ದಾರಿ ಹಿಡಿದು ಒಂದೇ ಊರಿಗೆ ಬಂದು ಸೇರಿದೆ. ನೀವು ಅಲ್ಲಿಯವರೇ ಅಂತ ಪತ್ರದಲ್ಲಿದೆ. ಅಲ್ಲಿಂದಲೇ ಶುರು ಮಾಡಿ, ಈಗಿನ ಅರ್ಧದಷ್ಟು ಉದ್ದಕ್ಕೆ ಇಳಿಸಿ ಕಳಿಸಿ. ಮತ್ತೆ ಓದುತ್ತೇನೆ.